ಕಹಿಗೂ ಒಂದು ಘಮ

ಹಾಗಲಕಾಯಿ ಗೊಜ್ಜನ್ನು ತಟ್ಟೆಯ ಅಂಚಿಗೆ ತಳ್ಳದ ಮಗುವನ್ನು ನಾನು ಈವರೆಗೆ ಕಂಡಿಲ್ಲ. ಅದೇ ಮಗು ಬೆಳೆದು ಕಾಲೇಜು ಸೇರಿದ ಮೇಲೆ, ಸಕ್ಕರೆ ಕಡಿಮೆ ಹಾಕಿದ ಗಟ್ಟಿ ಡಿಕಾಕ್ಷನ್ನಿನ ಕಾಫಿಯೇ ಬೇಕೆಂದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತದೆ. ನಡುವಿನ ಹತ್ತು ವರ್ಷಗಳಲ್ಲಿ ನಾಲಗೆಗೆ ಏನಾಯಿತು? ನಾಲಗೆ ಅದೇ, ಕಹಿಯೂ ಅದೇ. ಕಹಿಯನ್ನು ಕಂಡರೆ ಹಿಂದೆ ಸರಿಯುವುದು ನಮ್ಮ ಹುಟ್ಟುಗುಣ. ಗಿಡಮರಗಳ ವಿಷ ಬಹುಪಾಲು ಕಹಿಯಾಗಿಯೇ ಇರುವುದರಿಂದ ಪ್ರಕೃತಿ ನಮಗೆ ಆ ಎಚ್ಚರವನ್ನು ಕೊಟ್ಟು ಕಳಿಸಿದೆ. ಸಿಹಿಯನ್ನು ಗುರುತಿಸಲು ನಮ್ಮಲ್ಲಿರುವ ಗ್ರಾಹಕ ಮುಖ್ಯವಾಗಿ ಒಂದೇ ಬಗೆಯದು; ಕಹಿಯನ್ನು ಹಿಡಿಯಲು ಮಾತ್ರ ಸುಮಾರು 25 ಬಗೆಗಳಿವೆ. ಇಷ್ಟೊಂದು ಕಾವಲುಗಾರರನ್ನು ದಾಟಿ ಕಾಫಿ ಒಳಗೆ ಬಂದದ್ದು ಹೇಗೆ? ಅದರ ಘಮದ ಕೈ ಹಿಡಿದುಕೊಂಡು. ಬೆಳಗಿನ ಹೊತ್ತು ಫಿಲ್ಟರಿನಿಂದ ಏಳುವ ಪರಿಮಳವಿಲ್ಲದೆ ಬರೀ ಕಹಿಯನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟರೆ ಅದು ಕಷಾಯವಾಗುತ್ತದೆ.

ಇಷ್ಟು ಪೀಠಿಕೆ ಯಾಕೆಂದರೆ, ನಾನು ಹೇಳಹೊರಟಿರುವುದು ಕಹಿಯನ್ನೇ ಬಂಡವಾಳ ಮಾಡಿಕೊಂಡ ಒಂದು ಪಾನೀಯದ ವಿಷಯ. ಅದು ಬಿಯರ್. ಅದರಲ್ಲೂ ನಮ್ಮ ದೇಶದ ಹೆಸರನ್ನೇ ಹೊತ್ತ 'ಇಂಡಿಯಾ ಪೇಲ್ ಏಲ್' ಎಂಬ ಜಾತಿ. ಮಕ್ಕಳೂ ಓದುವ ಪುರವಣಿಯಲ್ಲಿ ಇದೆಂಥ ಮಾತು ಎಂದು ಅಪ್ಪ ಅಮ್ಮಂದಿರು ಹುಬ್ಬೇರಿಸಬೇಡಿ. ಮೂವತ್ತೊಂದು ವರ್ಷ ಪಿ.ಯು. ಮಕ್ಕಳಿಗೆ ರಸಾಯನಶಾಸ್ತ್ರ ಪಾಠ ಹೇಳಿದವಳು ನಾನು. ಮದ್ಯವನ್ನು ತುಟಿಗೆ ತಾಗಿಸಿದವಳಲ್ಲ, ತಾಗಿಸುವವಳೂ ಅಲ್ಲ. ಅದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ. ಆದರೆ ಮೂಸುವುದಕ್ಕೆ ಯಾವ ವ್ರತವೂ ಅಡ್ಡ ಬರುವುದಿಲ್ಲವಷ್ಟೆ! ನಾನು ನಾಲ್ಕು ಬಗೆಯ ಏಲ್‌ಗಳನ್ನು ಒಂದರ ಪಕ್ಕ ಒಂದಿಟ್ಟುಕೊಂಡು ಮೂಸಿದ್ದೇನೆ. ಮೂಸಿಸಿದವಳು ನನ್ನ ಮಗಳು. ಅವಳ ಕೆಲಸವೇ ಅದು.

ಮಗಳು ಮೈಸೂರಿನಲ್ಲಿ ಜೈವಿಕ ತಂತ್ರಜ್ಞಾನ ಓದಿ, ಅಮೆರಿಕದ ಒರೆಗಾನ್ ರಾಜ್ಯಕ್ಕೆ ಹೋಗಿ ಆಹಾರ ವಿಜ್ಞಾನದಲ್ಲಿ ಎಂ.ಎಸ್. ಮಾಡಿದಳು. ಆಹಾರ ಎಂದರೆ ಬಿಸ್ಕತ್ತೋ ಹಾಲಿನ ಪುಡಿಯೋ ಇರಬೇಕೆಂದು ನಾವು ನೆಮ್ಮದಿಯಾಗಿದ್ದೆವು. ಕೆಲಸ ಸಿಕ್ಕಿದ್ದು ಪೋರ್ಟ್‌ಲ್ಯಾಂಡ್ ಊರಿನ ಒಂದು ಏಲ್ ತಯಾರಿಕೆಯ ಘಟಕದಲ್ಲಿ, ರುಚಿ ಮತ್ತು ವಾಸನೆಗಳನ್ನು ಪರೀಕ್ಷಿಸುವ ವಿಭಾಗದಲ್ಲಿ. ಊರಿನಲ್ಲಿ ಯಾರಾದರೂ ಕೇಳಿದರೆ ನಮ್ಮ ಯಜಮಾನರು "ಆಹಾರ ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದಾಳೆ" ಎನ್ನುತ್ತಾರೆ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ ಎಂಬುದು ಕೇಳಿದವರ ಪೈಕಿ ಅರ್ಧ ಜನರಿಗೆ ಗೊತ್ತಿದೆ.

ಮೊದಲು ಆ ಹೆಸರಿನ ಕಥೆಯನ್ನು ಮುಗಿಸಿಬಿಡುತ್ತೇನೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಪೂರ್ವಭಾಗದ 'ಬೋ' ಎಂಬಲ್ಲಿ ಹಾಡ್ಜ್‌ಸನ್ ಮನೆತನದವರ ಬಿಯರ್ ಕಾರ್ಖಾನೆಯಿತ್ತು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುತ್ತಿದ್ದ ಜಾಗ ಅಲ್ಲಿಗೆ ಹತ್ತಿರ. ಹಡಗಿನ ಕಪ್ತಾನರು ಕಲ್ಕತ್ತ, ಮದ್ರಾಸುಗಳಲ್ಲಿದ್ದ ಬಿಳಿಯ ಅಧಿಕಾರಿಗಳಿಗೆ ಮಾರಲೆಂದು ಅವರ ತಿಳಿಬಣ್ಣದ ಏಲ್ ಅನ್ನು ಸಾಲದ ಮೇಲೆ ಒಯ್ಯುತ್ತಿದ್ದರು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮೊದಲು ಆಫ್ರಿಕಾವನ್ನು ಸುತ್ತಿ, ಸಮಭಾಜಕ ವೃತ್ತವನ್ನು ಎರಡು ಸಲ ದಾಟಿ ಬರಲು ತಿಂಗಳುಗಟ್ಟಲೆ ಬೇಕಾಗುತ್ತಿತ್ತು. ದಾರಿಯಲ್ಲಿ ಕೆಡದಂತೆ ಕಾಪಾಡುತ್ತಿದ್ದದ್ದು ಹೆಚ್ಚಾಗಿ ಹಾಕುತ್ತಿದ್ದ ಹಾಪ್ಸ್ ಎಂಬ ಗಿಡದ ಹೂ. ಹುಳಿ ಬರಿಸುವ ಲ್ಯಾಕ್ಟೋಬ್ಯಾಸಿಲಸ್ ಜಾತಿಯ ಸೂಕ್ಷ್ಮಜೀವಿಗಳನ್ನು ಅದರ ಕಹಿ ತಡೆಯುತ್ತದೆ. ನಾವು ಉಪ್ಪಿನಕಾಯಿಗೆ ಉಪ್ಪು ಜಾಸ್ತಿ ಹಾಕುವ ಹಾಗೆಯೇ ಇದು. 1820ರ ದಶಕದಲ್ಲಿ ಬರ್ಟನ್ ಎಂಬ ಊರಿನ ಆಲ್‌ಸಪ್, ಬ್ಯಾಸ್ ಮುಂತಾದವರು ಈ ವ್ಯಾಪಾರಕ್ಕೆ ಇಳಿದರು. ಆಲ್‌ಸಪ್‌ನವರು ಮೊದಲ ಪ್ರಯೋಗವನ್ನು ಚಹಾ ಮಾಡುವ ಕೆಟಲಿನಲ್ಲೇ ಮಾಡಿದರೆಂಬ ಕಥೆಯಿದೆ. ಬರ್ಟನ್ನಿನ ಬಾವಿಯ ನೀರಿನಲ್ಲಿ ಜಿಪ್ಸಮ್ ಹೆಚ್ಚು; ಅದು ಕಹಿಯನ್ನು ಚುರುಕಾಗಿ, ಒಣಗಿದಂತೆ ತೋರಿಸುತ್ತದೆ. ಅದೃಷ್ಟ ಅವರ ಬಾವಿಯಲ್ಲೇ ಇತ್ತೆನ್ನಿ. ಇಂಡಿಯಾಕ್ಕೆಂದೇ ಇದನ್ನು ಯಾರೋ ಒಬ್ಬರು ಕಂಡುಹಿಡಿದರು ಎಂದು ಹೇಳುವುದುಂಟು. ಅದು ಅಷ್ಟು ಸರಿಯಲ್ಲ. ಹಾಪ್ಸ್ ಹೆಚ್ಚು ಹಾಕಿದ ಏಲ್ ಮೊದಲೇ ಇತ್ತು. ಇಲ್ಲಿಗೆ ಬರತೊಡಗಿದ ಮೇಲೆ ಈ ಹೆಸರು ಅಂಟಿಕೊಂಡಿತು. ಹೆಸರು ನಮ್ಮದು, ಲಾಭ ಅವರದು. ಹೊಸ ಕಥೆಯೇನಲ್ಲ.

2022ರ ಸೆಪ್ಟೆಂಬರಿನಲ್ಲಿ ನಾನು ಮಗಳ ಮನೆಗೆ ಹೋದಾಗ ಒರೆಗಾನಿನ ವಿಲ್ಲಾಮೆಟ್ ಕಣಿವೆಯಲ್ಲಿ ಹಾಪ್ಸ್ ಕೊಯ್ಲು ನಡೆದಿತ್ತು. ಒಂದು ಭಾನುವಾರ ಅಲ್ಲಿಗೆ ಕರೆದುಕೊಂಡು ಹೋದಳು. ಮಲೆನಾಡಿನವಳಾದ ನನಗೆ ಮೊದಲು ನೆನಪಾದದ್ದು ಅಡಿಕೆ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ. ಹದಿನೆಂಟು ಅಡಿ ಎತ್ತರದ ಕಂಬಗಳು, ಮೇಲೆ ತಂತಿ, ತಂತಿಯಿಂದ ಇಳಿಬಿಟ್ಟ ಹುರಿ. ಆ ಹುರಿ ಶ್ರೀಲಂಕಾದಂಥ ಕಡೆಯಿಂದ ಬಂದ ತೆಂಗಿನ ನಾರಿನದು! ಪ್ರತಿ ವಸಂತದಲ್ಲಿ ಹೊಸದಾಗಿ ಕಟ್ಟುತ್ತಾರೆ, ಬೇಸಿಗೆಯ ದೀರ್ಘ ಹಗಲಿನಲ್ಲಿ ಬಳ್ಳಿ ಸರಸರನೆ ಏರುತ್ತದೆ, ಕೊಯ್ಲಿನ ಹೊತ್ತಿಗೆ ಹುರಿಸಮೇತ ಕತ್ತರಿಸಿ ಕೆಳಗಿಳಿಸುತ್ತಾರೆ. ಬುಡ ಮಾತ್ರ ನೆಲದಲ್ಲಿ ಉಳಿದು ಮರುವರ್ಷ ಚಿಗುರುತ್ತದೆ. ನಮ್ಮ ದೇಶದಲ್ಲೂ ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಇದನ್ನು ಬೆಳೆದದ್ದುಂಟು. ವಂಶಾವಳಿ ನೋಡಿದರೆ ಈ ಗಿಡ ಗಾಂಜಾದ ದಾಯಾದಿ. ಆ ಅಮಲಿನ ಅಂಶ ಇದರಲ್ಲಿಲ್ಲ. ವಾಸನೆಯಲ್ಲಿ ಮಾತ್ರ ಅಣ್ಣತಮ್ಮಂದಿರ ಹೋಲಿಕೆ ಅಲ್ಲಲ್ಲಿ ಕಾಣುತ್ತದೆಯಂತೆ.

ಹೆಣ್ಣು ಗಿಡದ ಹೂಗಳೇ ಬೇಕಾದವು. ಪದರ ಪದರವಾದ, ಕಾಗದದಷ್ಟು ಹಗುರವಾದ ತಿಳಿಹಸಿರು ಗುಬುಟುಗಳು. ಮಗಳು ಒಂದನ್ನು ಕಿತ್ತು ಸೀಳಿ ತೋರಿಸಿದಳು. ಎಸಳುಗಳ ಬುಡದಲ್ಲಿ ಅರಿಶಿನದಂಥ ಹಳದಿ ಪುಡಿ. ಅದರ ಹೆಸರು ಲ್ಯುಪುಲಿನ್. "ಅಂಗೈಯಲ್ಲಿ ಉಜ್ಜಿ ಮೂಸು ಅಮ್ಮಾ" ಎಂದಳು. ಉಜ್ಜಿದೆ. ಕೈಗೆ ಅಂಟು ಹತ್ತಿತು. ಮೂಸಿದರೆ, ಅಪ್ಪೆಮಿಡಿ!

ಬಯಲುಸೀಮೆಯ ಓದುಗರಿಗೆ ಇದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಸಾಗರ, ಶಿರಸಿ ಕಡೆಯ ಹೊಳೆದಂಡೆಗಳಲ್ಲಿ ಕಾಡುಮಾವಿನ ಮರಗಳಿವೆ. ಉಪ್ಪಿನಕಾಯಿಗೆ ಅವುಗಳ ಎಳೆಯ ಮಿಡಿಯೇ ಆಗಬೇಕು. ಕೊಳ್ಳುವಾಗ ಮಿಡಿಯ ಗಾತ್ರಕ್ಕಿಂತ ಮೊದಲು ನೋಡುವುದು ಅದರ ಸೊನೆಯನ್ನು. ತೊಟ್ಟು ಮುರಿದು ಮೂಗಿನ ಹತ್ತಿರ ಹಿಡಿಯುವುದು. ಒಂದು ಮರದ್ದು ಜೀರಿಗೆಯ ಘಮ, ಇನ್ನೊಂದು ಮರದ್ದು ಕರ್ಪೂರ. ನಮ್ಮ ಅಜ್ಜಿ ಕಣ್ಣುಮುಚ್ಚಿ ಮೂಸಿ, ಇದು ಯಾವ ಹೊಳೆಸಾಲಿನ ಯಾವ ಮರದ ಮಿಡಿ ಎಂದು ಹೇಳುತ್ತಿದ್ದಳು. ತಪ್ಪುತ್ತಿದ್ದದ್ದು ಅಪರೂಪ. ನನ್ನ ಮಗಳು ಆರೇಳು ವರ್ಷದವಳಿದ್ದಾಗ, ಅಜ್ಜಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ರಾಶಿಯಿಂದ ಒಂದೊಂದೇ ಮಿಡಿ ಎತ್ತಿ ತೊಟ್ಟು ಮುರಿದು ಬೇರೆ ಬೇರೆ ಬುಟ್ಟಿಗೆ ಹಾಕುತ್ತಿದ್ದಳು. ತುಟಿಗೆ ಸೊನೆ ತಾಗಿ ಸುಟ್ಟುಕೊಂಡದ್ದೂ ಉಂಟು. ಈಗ ಅವಳಿಗೆ ಸಂಬಳ ಕೊಟ್ಟು ಮಾಡಿಸುತ್ತಿರುವ ಕೆಲಸವೂ ಅದೇ ಎಂದು ನನಗೆ ಆ ತೋಟದಲ್ಲಿ ನಿಂತಾಗ ಹೊಳೆಯಿತು.

ನನ್ನ ಮೂಗಿಗೆ ಅಪ್ಪೆಮಿಡಿ ಬಂದದ್ದು ಭ್ರಮೆಯಲ್ಲ. ಹಾಪ್ಸ್ ಎಣ್ಣೆಯಲ್ಲಿ ಮುಖ್ಯವಾದ ಒಂದು ವಸ್ತು ಮಿರ್ಸೀನ್. ಮಾವಿನ ಸೊನೆಯಲ್ಲೂ ಅದಿದೆ, ಮಜ್ಜಿಗೆಹುಲ್ಲಿನಲ್ಲೂ ಇದೆ. ಹಾಪ್ಸ್‌ನಲ್ಲಿರುವ ಲಿನಲೂಲ್ ನಮ್ಮ ಕೊತ್ತಂಬರಿ ಬೀಜದ್ದು; ಜೆರಾನಿಯೋಲ್ ಗುಲಾಬಿಯದು; ಕ್ಯಾರಿಯೋಫಿಲೀನ್ ಲವಂಗ ಮತ್ತು ಕಾಳುಮೆಣಸಿನದು. ಪ್ರಕೃತಿಯ ಮಸಾಲೆ ಡಬ್ಬಿಯಲ್ಲಿ ಬಟ್ಟಲುಗಳು ಕೆಲವೇ, ಬೆರಕೆಯ ಪ್ರಮಾಣ ಮಾತ್ರ ಬೇರೆ ಬೇರೆ.

ಪಿ.ಯು. ವಿದ್ಯಾರ್ಥಿಗಳು ಇಲ್ಲೊಂದು ವಿಷಯ ಗಮನಿಸಬೇಕು. ಹಾಪ್ಸ್‌ನ ಕಹಿ ಬೇರೆ, ಘಮ ಬೇರೆ. ಕಹಿಯ ಮೂಲ ಹ್ಯೂಮುಲೋನ್ ಎಂಬ ಆಮ್ಲ. ಅದು ನೀರಿನಲ್ಲಿ ಸುಲಭವಾಗಿ ಕರಗದು. ನಮ್ಮ ರಾಗಿ ಮಾಲ್ಟಿನ ಹಾಗೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಸಿಹಿನೀರಿಗೆ ಹಾಪ್ಸ್ ಹಾಕಿ ಗಂಟೆಗಟ್ಟಲೆ ಕುದಿಸಿದರೆ, ಅದರ ಅಣುವಿನ ಪರಮಾಣುಗಳು ಅಷ್ಟೇ ಇದ್ದು ಜೋಡಣೆ ಮಾತ್ರ ಬದಲಾಗುತ್ತದೆ. ಐಸೋಮರ್ ಎಂದು ಪಠ್ಯದಲ್ಲಿ ಓದುತ್ತೀರಲ್ಲ, ಅದೇ. ಹೀಗೆ ಬದಲಾದ ಅಣು ಕರಗುತ್ತದೆ, ಕಹಿ ಕೊಡುತ್ತದೆ. ಒಂದು ಲೀಟರಿನಲ್ಲಿ ಇಂಥ ಅಣು ಸುಮಾರು ಒಂದು ಮಿಲಿಗ್ರಾಮ್ ಇದ್ದರೆ ಕಹಿಯ ಅಳತೆಯಲ್ಲಿ ಒಂದು ಅಂಕ. ಸಾಧಾರಣ ಲಾಗರ್ ಬಿಯರಿಗೆ ಹತ್ತರಿಂದ ಇಪ್ಪತ್ತು ಅಂಕವಾದರೆ ಅಮೆರಿಕದ ಇಂಡಿಯಾ ಪೇಲ್ ಏಲ್‌ಗೆ ನಲವತ್ತರಿಂದ ಎಪ್ಪತ್ತು.

ಆದರೆ ಕುದಿಸಿದರೆ ಘಮ ಹಾರಿಹೋಗುತ್ತದೆ. ಇದಕ್ಕೇನು ಮಾಡುವುದು? ಸಾರು ಇಳಿಸುವ ಹೊತ್ತಿಗೆ ಕೊತ್ತಂಬರಿ ಸೊಪ್ಪು ಉದುರಿಸುವವರಿಗೆ ಈ ಪ್ರಶ್ನೆ ಕಷ್ಟವಲ್ಲ. ಅವರೂ ಕಹಿಗೆಂದು ಒಂದು ಪಾಲು ಹಾಪ್ಸ್ ಅನ್ನು ಮೊದಲೇ ಹಾಕಿ, ಘಮಕ್ಕೆಂದು ಇನ್ನೊಂದು ಪಾಲನ್ನು ಒಲೆ ಆರಿಸುವಾಗ ಹಾಕುತ್ತಾರೆ. ಮತ್ತೊಂದು ಪಾಲನ್ನು, ತಣಿದು ಯೀಸ್ಟ್ ತನ್ನ ಕೆಲಸ ನಡೆಸುತ್ತಿರುವಾಗಲೋ ಮುಗಿಸಿದ ಮೇಲೋ ಹಾಗೇ ನೆನೆಹಾಕುತ್ತಾರೆ. ಏಲ್‌ಗಳ ನಡುವಿನ ವ್ಯತ್ಯಾಸದಲ್ಲಿ ಬಹುಪಾಲು ಈ ಮೂರು ಹೊತ್ತುಗಳ ಲೆಕ್ಕಾಚಾರವೇ.

ಆ ರಾತ್ರಿ ಮಗಳು ಊಟದ ಮೇಜಿನ ಮೇಲೆ ನಾಲ್ಕು ಗಾಜಿನ ಲೋಟ ಇಟ್ಟು, ಪ್ರತಿಯೊಂದಕ್ಕೂ ಮುಚ್ಚಳ ಮುಚ್ಚಿದಳು. ಮುಚ್ಚಳ ಸರಿಸು, ಸಣ್ಣದಾಗಿ ಎರಡು ಸಲ ಮೂಸು, ಮುಚ್ಚು, ಬರೆ. ಮುಂದಿನದಕ್ಕೆ ಹೋಗುವ ಮೊದಲು ನಿನ್ನ ಸೀರೆಯ ಸೆರಗನ್ನೇ ಮೂಸು, ಮೂಗು ತನ್ನ ಮನೆಗೆ ಮರಳುತ್ತದೆ. ಇಷ್ಟು ನಿಯಮ. ಪರೀಕ್ಷಾ ಕೊಠಡಿಯಲ್ಲಿ ಮಕ್ಕಳಿಗೆ ಸೂಚನೆ ಕೊಟ್ಟು ಅಭ್ಯಾಸವಾದ ನನಗೆ ಸೂಚನೆ ಕೇಳಿಸಿಕೊಳ್ಳುವುದೇ ಒಂದು ತಮಾಷೆ ಎನಿಸಿತು.

ಮೊದಲನೆಯದು ಇಂಗ್ಲೆಂಡಿನ ರೀತಿಯದು, ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ಎಂಬ ಹಳೆಯ ಹಾಪ್ಸ್ ಹಾಕಿದ್ದು. ಜೇನು, ಒಣಹುಲ್ಲು, ಕಿತ್ತಲೆ ಸಿಪ್ಪೆಯ ಮುರಬ್ಬ, ಅದರಡಿಯಲ್ಲಿ ಹುರಿದ ಅವಲಕ್ಕಿ. ಮೊದಲ ಮಳೆಯ ಮಣ್ಣೂ ಒಂದಿಷ್ಟಿತ್ತು. ಯಾವುದೂ ಮುಂದೆ ಬಂದು ಮಾತಾಡುವುದಿಲ್ಲ. ಜಗಲಿಯಲ್ಲಿ ಕೂತ ಸಂಕೋಚದ ನೆಂಟನ ಹಾಗೆ, ನಾವೇ ಹತ್ತಿರ ಹೋಗಿ ಕೇಳಬೇಕು.

ಎರಡನೆಯದು ಅಮೆರಿಕದ ಪಶ್ಚಿಮ ಕರಾವಳಿಯ ರೀತಿಯದು. ಕನ್ನಡಿಯಷ್ಟು ತಿಳಿ, ತಾಮ್ರದ ಛಾಯೆ. ಮುಚ್ಚಳ ಸರಿಸುವ ಮೊದಲೇ ಚಕ್ಕೋತದ ಸಿಪ್ಪೆ ಹಿಂಡಿದಂತೆ ಬಂತು. ಅದರ ಬೆನ್ನಿಗೆ ಹಸಿ ಮರದ ರಾಳ. ಅವರು ಅದನ್ನು ಗ್ರೇಪ್‌ಫ್ರೂಟ್ ಮತ್ತು ಪೈನ್ ಎನ್ನುತ್ತಾರೆ. ಗ್ರೇಪ್‌ಫ್ರೂಟ್ ಎಂಬುದು ಚಕ್ಕೋತ ಮತ್ತು ಕಿತ್ತಲೆಯ ಸಂಕರದಿಂದ ಹುಟ್ಟಿದ್ದು, ಆದ್ದರಿಂದ ನನ್ನ ಉತ್ತರಕ್ಕೂ ಪೂರ್ತಿ ಅಂಕ ಕೊಡಬೇಕೆಂದು ವಾದಿಸಿದೆ. ಈ ಘಮದ ಹಿಂದಿರುವ ಮುಖ್ಯ ಹಾಪ್ಸ್ ಕ್ಯಾಸ್ಕೇಡ್. ಒರೆಗಾನಿನ ಕೊರ್ವಾಲಿಸ್‌ನಲ್ಲಿ ಸರ್ಕಾರಿ ತಳಿ ಸಂವರ್ಧಕರು 1956ರಲ್ಲಿ ಮಾಡಿದ ಸಂಕರ ಬೆಳೆಗಾರರ ಕೈಸೇರಿದ್ದು 1972ರಲ್ಲಿ. ಹದಿನಾರು ವರ್ಷ! ಒಂದು ಮಗು ಹುಟ್ಟಿ ಎಸ್.ಎಸ್.ಎಲ್.ಸಿ. ಮುಗಿಸುವಷ್ಟು ಕಾಲ. 1980ರಲ್ಲಿ ಕ್ಯಾಲಿಫೋರ್ನಿಯಾದ ಚಿಕೋ ಊರಿನ ಸಿಯೆರಾ ನೆವಾಡ ಎಂಬ ಪುಟ್ಟ ತಯಾರಕರು ಅದನ್ನು ಧಾರಾಳವಾಗಿ ಬಳಸಿ ಹೆಸರು ಮಾಡಿದರು. ಇಂಗ್ಲೆಂಡಿನಲ್ಲಿ ಹೆಚ್ಚುಕಡಿಮೆ ಮರೆತೇಹೋಗುತ್ತಿದ್ದ ಇಂಡಿಯಾ ಪೇಲ್ ಏಲ್ ಅಮೆರಿಕದಲ್ಲಿ ಹೊಸ ಹುಟ್ಟು ಪಡೆದದ್ದು ಇಂಥ ಸಣ್ಣ ತಯಾರಕರಿಂದ.

ಮೂರನೆಯದರ ಮುಚ್ಚಳ ತೆಗೆದಾಗ ಯಾರೋ ಮಾವಿನ ಹಣ್ಣಿನ ರಸಾಯನದ ಪಾತ್ರೆ ತೆರೆದಂತಾಯಿತು. ನೋಡಲೂ ಹಾಗೆಯೇ, ಕದಡಿದ ಹಳದಿ. ಪೂರ್ವದ ವರ್ಮಾಂಟ್ ರಾಜ್ಯದಿಂದ ಹಬ್ಬಿದ ಬಗೆ ಇದು. ಓಟ್ಸ್, ಗೋಧಿ ಬೆರೆಸುವುದರಿಂದ ಮಬ್ಬು, ಬಾಯಿಗೆ ಮೆದು. ಕಹಿ ಕಡಿಮೆ, ಹಾಪ್ಸ್‌ನ ಬಹುಪಾಲನ್ನು ಕೊನೆಗೇ ಹಾಕಿರುತ್ತಾರೆ. ಮಾವು, ಪೇರಲೆ, ಪ್ಯಾಷನ್ ಫ್ರೂಟ್. "ಎಷ್ಟು ಹಣ್ಣು ಹಾಕಿದ್ದಾರೆ?" ಎಂದು ಕೇಳಿದೆ. "ಒಂದೂ ಇಲ್ಲ. ಸಿಟ್ರಾ, ಮೊಸಾಯಿಕ್ ಅಂತ ಎರಡು ಹಾಪ್ಸ್, ಅಷ್ಟೆ." ಪೇರಲೆಯ ಪರಿಮಳಕ್ಕೆ ಕಾರಣವಾದ ಗಂಧಕಯುಕ್ತ ವಸ್ತುಗಳು, ಥಯಾಲ್ ಎನ್ನುತ್ತೇವಲ್ಲ, ಅವು ಇದರಲ್ಲೂ ಇವೆ. ಇಂಥ ಕೆಲವು ಥಯಾಲ್‌ಗಳನ್ನು ಪತ್ತೆಹಚ್ಚಲು ನಮ್ಮ ಮೂಗಿಗೆ ಒಂದು ಲೀಟರಿನಲ್ಲಿ ಕೆಲವೇ ನ್ಯಾನೋಗ್ರಾಮ್ ಸಾಕು. ಒಂದು ನ್ಯಾನೋಗ್ರಾಮ್ ಎಂದರೆ ಒಂದು ಗ್ರಾಮಿನ ನೂರು ಕೋಟಿಯ ಒಂದು ಪಾಲು. ಕಾಲೇಜಿನ ನನ್ನ ತಕ್ಕಡಿಗೆ ಈ ಜನ್ಮದಲ್ಲಿ ಸಾಧ್ಯವಾಗುತ್ತಿರಲಿಲ್ಲ. ಇಷ್ಟಾದರೂ ಈ ಮೂರನೆಯದು ನನಗೆ ಅಷ್ಟು ಹಿಡಿಸಲಿಲ್ಲ. ಮದುವೆ ಮನೆಯ ಬಾಗಿಲಲ್ಲಿ ಮೈಮೇಲೆಲ್ಲ ಪನ್ನೀರು ಎರಚಿದ ಹಾಗೆ. ನನ್ನ ಮತ ಎರಡನೆಯದಕ್ಕೆ.

ನಾಲ್ಕನೆಯದನ್ನು ಮೂಸಿ ಮುಖ ತಿರುಗಿಸಿದೆ. ಹಿಂದಿನ ದಿನ ಹೆಚ್ಚಿಟ್ಟ ಈರುಳ್ಳಿ, ಮೇಲೆ ಬೆಳ್ಳುಳ್ಳಿ. ಮಗಳು ನಕ್ಕಳು. ಅದು ಅವರು ತಿರಸ್ಕರಿಸಿದ ಮಾದರಿ. ಹಾಪ್ಸ್ ಅನ್ನು ಬಳ್ಳಿಯಲ್ಲೇ ಹೆಚ್ಚು ದಿನ ಬಿಟ್ಟು ತಡವಾಗಿ ಕೊಯ್ದರೆ ಹೀಗಾಗುವುದುಂಟಂತೆ. ಇದೂ ಗಂಧಕದ್ದೇ ಆಟ. ಪೇರಲೆಯ ಪರಿಮಳಕ್ಕೂ ಈರುಳ್ಳಿಯ ನಾತಕ್ಕೂ ಮೂಲಧಾತು ಒಂದೇ. ಇಂಗಿನ ಡಬ್ಬಿ ತೆರೆದು ಮೂಗು ಮುಚ್ಚಿಕೊಳ್ಳುವವರೇ ಒಗ್ಗರಣೆಯ ಇಂಗಿಗೆ ಬಾಯಿ ನೀರೂರಿಸುವುದಿಲ್ಲವೇ?

ಇನ್ನೊಂದು ಮಾತು ನನಗೆ ಬಹಳ ಸ್ವಾರಸ್ಯವೆನಿಸಿತು. ಒಂದು ಕಾಲದಲ್ಲಿ ತಿಂಗಳುಗಟ್ಟಲೆ ಸಮುದ್ರಯಾನ ತಾಳಲೆಂದು ಹಾಪ್ಸ್ ಸುರಿದ ಪಾನೀಯ ಇದು. ಈಗ ಇದರ ಘಮ ಕೆಲವು ವಾರಗಳಲ್ಲೇ ಮಾಸಲು ತೊಡಗುತ್ತದೆಂದು ತಣ್ಣಗಿನ ಕೋಣೆಯಲ್ಲಿಟ್ಟು ಬೇಗ ಮಾರಿ ಮುಗಿಸುತ್ತಾರೆ. ಬಿಸಿಲಿಗಿಟ್ಟರಂತೂ ಬೆಳಕೇ ಆ ಕಹಿಯ ಅಣುವನ್ನು ಒಡೆದು ಸ್ಕಂಕ್ ಪ್ರಾಣಿಯ ನಾತ ಹುಟ್ಟಿಸುತ್ತದೆ. ಸೀಸೆಗಳು ಕಂದುಬಣ್ಣದವಾಗಿರುವುದು ಅದಕ್ಕೇ.

ಮೂಸಿದ್ದನ್ನು ಮಗಳ ವಿಭಾಗದಲ್ಲಿ ಹಾಗೇ ನಂಬುವುದಿಲ್ಲ. ಮೂರು ಲೋಟ ಕೊಡುತ್ತಾರೆ. ಎರಡರಲ್ಲಿ ಒಂದೇ ಏಲ್, ಒಂದರಲ್ಲಿ ಬೇರೆ. ಬೇರೆಯದು ಯಾವುದು ಹೇಳಿ ಎನ್ನುತ್ತಾರೆ. ಕಣ್ಣುಮುಚ್ಚಿ ಬೆರಳಿಟ್ಟರೂ ಮೂವರಲ್ಲಿ ಒಬ್ಬರು ಸರಿಯಾಗುತ್ತಾರೆ. ಆದ್ದರಿಂದ ಹನ್ನೆರಡು ಜನ ಪರೀಕ್ಷೆಗೆ ಕೂತರೆ ಕನಿಷ್ಠ ಎಂಟು ಮಂದಿಯಾದರೂ ಸರಿ ಹೇಳಿದಾಗ ಮಾತ್ರ, ಇದು ಬರೀ ಅದೃಷ್ಟವಲ್ಲ, ನಿಜಕ್ಕೂ ವ್ಯತ್ಯಾಸವಿದೆ ಎಂದು ಒಪ್ಪುತ್ತಾರೆ. ಸಂಖ್ಯಾಶಾಸ್ತ್ರ ಓದುವವರಿಗೆ 'ಸ್ಟೂಡೆಂಟ್ಸ್ ಟಿ ಟೆಸ್ಟ್' ಗೊತ್ತಿರುತ್ತದೆ. ಅದು ಯಾವುದೋ ವಿದ್ಯಾರ್ಥಿ ಬರೆದದ್ದಲ್ಲ. ವಿಲಿಯಂ ಸೀಲಿ ಗಾಸೆಟ್ ಎಂಬಾತ 1899ರಲ್ಲಿ ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಗೆ ಸೇರಿದ. ಬಾರ್ಲಿ, ಹಾಪ್ಸ್‌ಗಳ ಬೆರಳೆಣಿಕೆಯ ಮಾದರಿಗಳಿಂದ ಇಡೀ ರಾಶಿಯ ಗುಣವನ್ನು ಹೇಳುವುದು ಹೇಗೆ ಎಂಬುದು ಅಲ್ಲಿನ ನಿತ್ಯದ ಸಮಸ್ಯೆ. ಕಾರ್ಖಾನೆಯವರು ಸ್ವಂತ ಹೆಸರಿನಲ್ಲಿ ಪ್ರಕಟಿಸಲು ಬಿಡುತ್ತಿರಲಿಲ್ಲವಾದ್ದರಿಂದ 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ತನ್ನ ಲೇಖನ ಹೊರತಂದ. ಇಂದು ಔಷಧಗಳ ಪರೀಕ್ಷೆಯಿಂದ ಹಿಡಿದು ಕೃಷಿ ಪ್ರಯೋಗಗಳವರೆಗೆ ಎಲ್ಲೆಲ್ಲೂ ಅವನ ಸೂತ್ರ ಬಳಕೆಯಲ್ಲಿದೆ.

ಮೂರು ಲೋಟದ ಈ ಪರೀಕ್ಷೆಯನ್ನು ನೀವು ಮನೆಯಲ್ಲೇ ಕಾಫಿಯಲ್ಲಿ ಮಾಡಬಹುದು. ಎರಡು ಲೋಟದಲ್ಲಿ ಅಪ್ಪಟ ಕಾಫಿಪುಡಿಯದು, ಒಂದರಲ್ಲಿ ಚಿಕೋರಿ ಬೆರೆತದ್ದು. ಬೇರೆಯವರು ಹಾಕಿಕೊಡಬೇಕು, ನೀವು ನೋಡಿರಬಾರದು. ಇನ್ನೊಂದನ್ನೂ ಮಾಡಿ ನೋಡಿ: ಮೂಗನ್ನು ಬಿಗಿಯಾಗಿ ಹಿಡಿದುಕೊಂಡು ಏಲಕ್ಕಿ ಕಾಳು ಜಗಿಯಿರಿ. ಹೆಚ್ಚೆಂದರೆ ಒಂದಿಷ್ಟು ಕಹಿ, ತಂಪು. ಮೂಗು ಬಿಟ್ಟ ಕ್ಷಣ ಬಾಯಿತುಂಬ ಏಲಕ್ಕಿ! ಗಂಟಲ ಹಿಂದಿನಿಂದ ಘಮ ಮೂಗಿಗೆ ಏರುವ ದಾರಿ ಅದು. ರುಚಿ ಎಂದು ನಾವು ಕರೆಯುವುದರಲ್ಲಿ ನಾಲಗೆಯ ಪಾಲು ಅಷ್ಟಕ್ಕಷ್ಟೇ.

ಇಷ್ಟೆಲ್ಲ ಕುತೂಹಲದಿಂದ ಬರೆದೆ. ಈಗ ಮುಂದೆ ಹೇಳುತ್ತೇನೆಂದ ಮಾತು. ನನ್ನ ದೊಡ್ಡಣ್ಣ 1989ರಲ್ಲಿ ತೀರಿಕೊಂಡ. ಅವನಿಗೆ ಆಗ ನಲವತ್ತೊಂದು. ಊರಿನ ಬಸ್ ನಿಲ್ದಾಣದ ಪಕ್ಕದಲ್ಲಿ ಸಾರಾಯಿ ಅಂಗಡಿಯಿತ್ತು; ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರಲ್ಲಿ, ಅವನಿಗದು ತಡವಾಯಿತು. ಕಣ್ಣು ಹಳದಿಯಾಗಿ, ಹೊಟ್ಟೆ ಉಬ್ಬಿ, ಕೊನೆಯ ತಿಂಗಳುಗಳಲ್ಲಿ ಅಮ್ಮ ಅವನಿಗೆ ಗಂಜಿ ಕುಡಿಸುತ್ತಿದ್ದದ್ದನ್ನು ಕಂಡವಳು ನಾನು. ತುಂಬ ಚೆನ್ನಾಗಿ ತಬಲ ನುಡಿಸುತ್ತಿದ್ದ. ನಮ್ಮ ಮನೆಯಲ್ಲಿ ಆಮೇಲೆ ಬಿಯರ್ ಎಂಬ ಶಬ್ದವನ್ನೇ ಯಾರೂ ಎತ್ತುತ್ತಿರಲಿಲ್ಲ.

ಲೋಟಗಳನ್ನು ತೊಳೆದಿಟ್ಟ ಮೇಲೆ ಮಗಳು ಕೇಳಿದಳು. "ಅಮ್ಮಾ, ನಾನು ಈ ಕೆಲಸ ಮಾಡೋದು ನಿನಗೆ ಬೇಜಾರಾ?"

"ನಿನ್ನ ಕೆಲಸದ ಅಚ್ಚುಕಟ್ಟು ನೋಡಿ ಸಂತೋಷವಾಯಿತು. ಆದರೆ ಇದನ್ನು ಕೊಳ್ಳುವ ನೂರು ಜನರಲ್ಲಿ ಒಬ್ಬ ನಿನ್ನ ದೊಡ್ಡ ಮಾವನಂಥವನು ಇರ್ತಾನೆ. ಅವನಿಗೆ ಚಕ್ಕೋತವೂ ಬೇಡ, ಪೇರಲೆಯೂ ಬೇಡ. ಅವನ ಮನೆಯವರ ನೆನಪು ನನಗೆ ಬರ್ತದೆ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಮ್ಮ ತಂಡದಲ್ಲಿ ಒಬ್ಬರಿದ್ದಾರೆ. ಕುಡಿತ ಬಿಟ್ಟು ಏಳು ವರ್ಷ ಆಯ್ತು. ಈಗ ಮೂಸೋದು ಮಾತ್ರ, ಬಾಯಿಗೆ ಹಾಕಲ್ಲ. ನಮ್ಮೆಲ್ಲರಿಗಿಂತ ಸೂಕ್ಷ್ಮ ಮೂಗು ಅವರದೇ" ಎಂದಳು. ಅವಳು ಈಗ ಮುಖ್ಯವಾಗಿ ಕೆಲಸ ಮಾಡುತ್ತಿರುವುದು ಮದ್ಯಾಂಶ ತೆಗೆದ ಏಲ್‌ನ ಮೇಲೆ. ಅದು ಸುಲಭವಲ್ಲವಂತೆ, ಮದ್ಯಾಂಶ ಇಲ್ಲದಿದ್ದರೆ ಘಮ ನಿಲ್ಲುವ ರೀತಿಯೇ ಬದಲಾಗುತ್ತದೆ, ಬೇಯಿಸಿದ ಬಾರ್ಲಿಯ ಸಿಹಿ ಮೇಲೆದ್ದು ಬರುತ್ತದೆ. ಅವಳು ಹೇಳಿದ್ದು ನನಗೆ ಸಮಾಧಾನ ಹೇಳುವುದಕ್ಕೋ, ನಿಜಕ್ಕೂ ಅವಳ ಮನಸ್ಸು ಅತ್ತ ಇದೆಯೋ ಎಂದು ನಾನು ಕೆದಕಲಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ನಾನು ಊರಿಗೆ ಮರಳಿದ ಮೇಲೆ, 2023ರ ಜನವರಿಯಲ್ಲಿ, ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಆ ಸುದ್ದಿಯ ತುಣುಕನ್ನು ಅವಳಿಗೆ ಕಳಿಸಿದೆ. "ಓದಿದ್ದೇನೆ ಅಮ್ಮಾ, ನಮ್ಮಲ್ಲಿ ಎಲ್ಲರೂ ಓದಿದ್ದಾರೆ" ಎಂದು ಉತ್ತರ ಬಂತು. ಈ ವಿಷಯದಲ್ಲಿ ಅವಳೂ ನಾನೂ ಒಂದೇ ಬೆಂಚಿನಲ್ಲಿ ಕೂತಿಲ್ಲ, ಆದರೂ ವಾರಕ್ಕೆರಡು ಸಲ ಫೋನಿನಲ್ಲಿ ಹಾಪ್ಸ್ ಬಗ್ಗೆಯೇ ಮಾತಾಡುತ್ತೇವೆ.

ಕಳೆದ ವರ್ಷ ಅವಳಿಗೆ ಒಂದು ತೊಡಕು ಎದುರಾಯಿತು. ಹೊಸ ಹಾಪ್ಸ್ ಒಂದರ ಮಾದರಿ ಬಂದಿತ್ತು. ಉಳಿದವರೆಲ್ಲ ಪೈನ್, ಮಾವು ಎಂದು ಬರೆದರು. ಇವಳಿಗೆ ಅದು ಎರಡೂ ಅಲ್ಲ, ಸ್ಪಷ್ಟವಾಗಿ ಮಾವಿನ ಸೊನೆ. ಇಂಗ್ಲಿಷಿನಲ್ಲಿ ಆ ವಾಸನೆಗೆ ಶಬ್ದವಿಲ್ಲ. ಮೇಲಧಿಕಾರಿ, "ನಮ್ಮ ಶಬ್ದಪಟ್ಟಿಗೆ ಹೊಸ ಪದ ಸೇರಿಸಬಹುದು, ಆದರೆ ಎಲ್ಲರೂ ಮೂಸಿ ನೋಡುವಂಥ ಒಂದು ಮಾದರಿ ತಂದಿಡಬೇಕು" ಎಂದರಂತೆ. ನ್ಯಾಯವಾದ ಮಾತು. ಹಸಿ ಸೊನೆಯನ್ನು ವಿಮಾನದಲ್ಲಿ ಕಳಿಸುವುದು ಹೇಗೆ? ಈ ಬೇಸಿಗೆಯಲ್ಲಿ ಜೀರಿಗೆ ಮಿಡಿಯನ್ನು ತೊಟ್ಟುಸಮೇತ ಬರೀ ಉಪ್ಪಿನಲ್ಲಿ ಹಾಕಿ, ಊರಿಗೆ ಬಂದಿದ್ದ ಪಕ್ಕದ ಮನೆಯವರ ಮಗನ ಕೈಯಲ್ಲಿ ಒಂದು ಬಾಟಲಿ ಕಳಿಸಿದೆ. ಐದು ಮಂದಿ ಮೂಸಿದರಂತೆ. ಇಬ್ಬರಿಗೆ ಟರ್ಪೆಂಟೈನ್ ಅನ್ನಿಸಿತು. ಒಬ್ಬರು ಕ್ಯಾರೆಟ್ ಸೊಪ್ಪು ಎಂದರು. ಕುಡಿತ ಬಿಟ್ಟವರು ಮಾತ್ರ ಬಹಳ ಹೊತ್ತು ಮೂಸಿ, ಹೌದು, ಇದೇ ಎಂದರಂತೆ. ಐದನೆಯವನು ಮೂಸುವುದನ್ನು ಬಿಟ್ಟು ಎರಡು ಮಿಡಿ ತಿಂದನಂತೆ. ಇನ್ನೊಂದು ಬಾಟಲಿ ಕಳಿಸಬೇಕೆಂದು ಮಗಳು ಬರೆದಿದ್ದಾಳೆ.